ಬಸ್ಸಿಗೆಲ್ಲ ಗೊತ್ತಿದ್ದ ನನ್ನ ಚೀಟಿ

ಕಾಣಿಯೂರಿಗೆ ಬಂದ ಮೂರನೆಯ ದಿನ ನನಗೊಂದು ಚೀಟಿ ಬಂತು. ಅದು ನನ್ನ ಕೈ ಸೇರುವ ಮೊದಲೇ ಬಸ್ಸಿನಲ್ಲಿದ್ದವರೆಲ್ಲ ಅದನ್ನು ಕೇಳಿ ಮುಗಿಸಿದ್ದರು. ಕಂಡಕ್ಟರ್ ಐತಪ್ಪ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿ, "ರಂಗಪ್ಪಣ್ಣ, ನಾಳೆ ಬೀಟೆ ಮರ ಬರ್ತದಂತೆ. ಜಾಗ ಮಾಡಿ ಇಡ್ಬೇಕಂತೆ" ಎಂದ. ನಮ್ಮ ಚನ್ನರಾಯಪಟ್ಟಣದ ಕಡೆ ಒಬ್ಬರ ಕಾಗದವನ್ನು ಇನ್ನೊಬ್ಬರು ಬಿಡಿಸಿದರೆ ಜಗಳವಾಗುತ್ತದೆ. ಇಲ್ಲಿ ಕಿಟಕಿಯಿಂದ ಮುದುಕರೊಬ್ಬರು ತಲೆ ಹೊರಗೆ ಹಾಕಿ, "ಬಿಸಿಲಿಗೆ ಹಾಕ್ಬೇಡಿ ಮಾರಾಯ್ರೆ, ಸೀಳ್ತದೆ" ಎಂದು ಬುದ್ಧಿ ಬೇರೆ ಹೇಳಿದರು.

ನಾನು ಓದಿದ್ದು ಎರಡನೇ ಕ್ಲಾಸು. ಅಚ್ಚಿನ ಅಕ್ಷರವನ್ನು ಒಂದೊಂದಾಗಿ ಹಿಡಿಯಬಲ್ಲೆ. ಪುತ್ತೂರಿನಲ್ಲಿರುವ ನಮ್ಮ ಧಣಿಗಳ ಕೈಬರಹ ಮಾತ್ರ ನನ್ನಿಂದಾಗದು. ಧಣಿ ಎಂದರೆ ಇಲ್ಲಿ ಯಜಮಾನರು. ಓದಿ ಹೇಳಿಯೇ ಕೊಡಬೇಕೆಂದು ಐತಪ್ಪನಿಗೆ ಅವರೇ ತಾಕೀತು ಮಾಡಿದ್ದರು. ಅವರ ಮರದ ಡಿಪೋದ ಕಾವಲು ನನ್ನದು. ಚೀಟಿಗಳನ್ನು ಆಫೀಸಿನ ತಂತಿಗೆ ಚುಚ್ಚಿಡುವ ಕೆಲಸವೂ ನನ್ನದೇ.

ಊರಿನಲ್ಲಿ ಮುದ್ದೆ ನುಂಗುತ್ತಿದ್ದವನು ಇಲ್ಲಿ ಕುಚ್ಚಲಕ್ಕಿಯ ಗಂಜಿ ಅಗಿಯಲು ಕಲಿತೆ. ಯಾರಾದರೂ "ಎಂತ?" ಎಂದರೆ ಗದರುತ್ತಿದ್ದಾರೆಂದು ಹೆದರುವುದನ್ನೂ ಬಿಟ್ಟೆ. ಕೆಲಸ ನಿಶ್ಚಯವಾಯಿತೆಂಬ ಧಣಿಗಳ ಚೀಟಿಯೂ ಹೀಗೇ ಬಸ್ಸಿನಲ್ಲಿ ಓದಿಸಿಕೊಂಡು ಬಂದ ಮೇಲೆ, ಹೆಂಡತಿಯನ್ನೂ ಬಸುರಿ ಮಗಳನ್ನೂ ಡಿಪೋದ ಹಿಂದಿನ ಮನೆಗೇ ಕರೆಸಿಕೊಂಡೆ.

ನಾನು ಬಂದು ವರ್ಷವಾಗುವ ಹೊತ್ತಿಗೆ, ಮಗಳಿಗೆ ಎಂಟು ತಿಂಗಳು ತುಂಬಿದಾಗ, ಧಣಿಗಳು ಬಂದು, ತಮ್ಮ ಭಾವನನ್ನು ಕಾವಲಿಗೆ ಇಡುವುದಾಗಿ ಹೇಳಿದರು. ಮುಂದಿನ ಸೋಮವಾರ ಮನೆ ಖಾಲಿಯಾಗಬೇಕಂತೆ.

"ಮೂರು ವರ್ಷ ಅಂತ ಬರ್ದಿದ್ರಲ್ಲ ಬುದ್ಧಿ?"

"ಒಂದು ವರ್ಷಕ್ಕೆ ಮಾತಾಡಿದ್ದು."

"ಚೀಟಿ ತಂತೀಲದೆ. ತೆಗೆದು ನೋಡಿ."

"ಅದು ಆಫೀಸಿನ ಕಾಗದ. ಕೆಲಸ ಬಿಟ್ಟವರಿಗೆ ತೋರಿಸುದಲ್ಲ."

"ನಾನೆಲ್ಲಿ ಬಿಟ್ಟೆ?"

"ಬಿಡಿಸುದಕ್ಕೇ ಬಂದದ್ದು ನಾನು" ಎಂದು ಆಫೀಸಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ತುಂಬು ಬಸುರಿಯನ್ನು ಆ ತಿರುವುಗಳಲ್ಲಿ ಘಟ್ಟ ಹತ್ತಿಸುವುದು ಹೇಗೆ? ನಾನು ರಸ್ತೆಯ ಬದಿಯಲ್ಲಿ ಕುಕ್ಕರಿಸಿದೆ. ಅಷ್ಟರಲ್ಲಿ ಬಸ್ಸು ಬಂತು. ನನ್ನ ಮುಖ ನೋಡಿ ಐತಪ್ಪ ಇಳಿದ. ಸಂಗತಿ ಹೇಳಿದೆ.

"ಅದಕ್ಕೆ ಚೀಟಿ ಯಾಕೆ? ನಾನೇ ಅಲ್ವಾ ಓದಿದ್ದು" ಎಂದವನೇ ಧಣಿಗಳ ಎದುರು ನಿಂತ. "ಧಣಿಗಳೆ, 'ಮೂರು ವರ್ಷಕ್ಕೆ ನಿಶ್ಚಯ, ಮನೆಯೂ ಅಷ್ಟು ಸಮಯ ನಿಮ್ಮದೇ' ಅಂತ ಉಂಟು."

ವೀಳ್ಯದೆಲೆ ಮಾರುವ ದೇಯಕ್ಕ ಸೀಟಿನಿಂದಲೇ ಕೂಗಿದಳು: "'ಮಗಳನ್ನು ಬಾಣಂತನಕ್ಕೆ ಕರೆಸಿ' ಅಂತಲೂ ಉಂಟು. ನಾನು ಆವತ್ತು ಇದೇ ಬಸ್ಸಿಗೆ ಸವಣೂರಲ್ಲಿ ಹತ್ತಿದ್ದು. ಧಣಿಗಳು ಎಷ್ಟು ಒಳ್ಳೆಯವರು ಅಂತ ಮನೆಗೆ ಹೋಗಿ ಹೇಳಿದ್ದೆ. ಈಗ ಹೋಗಿ ಎಂತ ಹೇಳುದು?"

"ನನ್ನ ಕಾಗದ ಊರಿಡೀ ಓದುದಾ?"

"ಓದಿ ಕೊಡು ಅಂದದ್ದು ನೀವು. ಮೆಲ್ಲ ಓದು ಅನ್ಲಿಲ್ಲ" ಎಂದ ಐತಪ್ಪ.

ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ. ಇದು ಬೇಗ ಮುಗಿಯುವ ವ್ಯವಹಾರವಲ್ಲವೆಂದು ಧಣಿಗಳಿಗೆ ಅರ್ಥವಾಯಿತು. ಇವರೆಲ್ಲರ ಸುಳ್ಳನ್ನು ತೋರಿಸಿಕೊಡುತ್ತೇನೆಂದು ಬೀಗ ತೆರೆದು, ತಂತಿಯಿಂದ ಚೀಟಿಗಳನ್ನು ಒಂದೊಂದಾಗಿ ಕಳಚಿದರು. ಕೊನೆಗೆ ಅದೇ ಚೀಟಿ ಸಿಕ್ಕಿತು. ತಾವೇ ಓದಲು ಹೊರಟವರು ಬಾಣಂತನದ ಮಾತಿನವರೆಗೆ ಬಂದು ಓದು ನಿಲ್ಲಿಸಿದರು.

"ಮುಂದೆ ಓದಿ" ಎಂದಳು ದೇಯಕ್ಕ.

"ಅಡಿಗೆಕೋಣೆಗೆ ಹಂಚು ಹಾಕಿಸಿ ಕೊಡುತ್ತೇನೆ" ಎಂದು ಧಣಿಗಳು ಸಣ್ಣ ದನಿಯಲ್ಲಿ ಓದಿದರು.

"ಅದೊಂದು ನನಗೆ ಮರ್ತೇ ಹೋಗಿತ್ತು" ಎಂದಳು ಅವಳು. ಇಡೀ ಬಸ್ಸು ನಕ್ಕಿತು. ಸ್ವಲ್ಪ ತಡವಾಗಿ ಧಣಿಗಳೂ ನಕ್ಕರು. ಆ ವಾರವೇ ಹಂಚು ಬಂತು.

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹುಟ್ಟಿದ್ದು ಅದೇ ಮನೆಯಲ್ಲಿ. ಅಂಗೈಯಷ್ಟು ಮುಖ, ಅದರಲ್ಲಿ ನಮ್ಮ ಅವ್ವನ ಮೂಗು. ಆ ಖುಷಿ ತಡೆಯಲಾರದೆ, ಮಗಳ ಕೈಯಲ್ಲಿ ಇಷ್ಟೆಲ್ಲ ಬರೆಸುತ್ತಿದ್ದೇನೆ.

ಯಾವಾಗ ಊರಿಗೆ ಬರುತ್ತೀರಿ ಎಂದು ನೀವೆಲ್ಲ ಕೇಳಿದ್ದೀರಿ. ಇನ್ನೆರಡು ವರ್ಷಕ್ಕೆ ಬಂದೇ ಬರುತ್ತೇವೆ ಎಂದು ಬರೆಸುವಷ್ಟರಲ್ಲಿ ಮಗು ಅತ್ತಿತು. ಎತ್ತಿಕೊಂಡು ಸಮಾಧಾನ ಹೇಳಿದೆ. ನನಗೇ ತಿಳಿಯದಂತೆ ಅದೆಲ್ಲ ತುಳುವಿನಲ್ಲಿ ಬಂತು. ಒಳಗಿನಿಂದ ನನ್ನ ಹೆಂಡತಿ ಕೇಳಿದಳು:

"ಯಾರು ಬಂದವ್ರೆ? ಕೂತ್ಕೊಳ್ಳೋಕೆ ಹೇಳಿ."