ಗೋಡೆಯಿಲ್ಲದ ಹೊಸ್ತಿಲುಗಳು

ಶಹಾಬಾದಿನ ಸ್ಟೇಷನ್ ರಸ್ತೆಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಲ್ಲುಗಣಿಗಳ ಬಿಳಿ ಧೂಳು ನೆಲದಿಂದ ಗೇಣು ಮೇಲೆ ಮಂಜಿನಂತೆ ನಿಂತಿದೆ. ಅದರೊಳಗೆ ಭೀಮಬಾಯಿ ಬಗ್ಗಿಕೊಂಡು ಮೆಲ್ಲಗೆ ಸರಿಯುತ್ತಾಳೆ. ರಸ್ತೆಯಂಚಿನಲ್ಲಿ ಕೌದಿ ಹೊದ್ದು ಮಲಗಿದ ಒಬ್ಬೊಬ್ಬರ ಎದುರಿಗೂ ನೆಲ ಗುಡಿಸಿ, ನೀರು ಚಿಮುಕಿಸಿ, ಬೆರಳ ಸಂದಿಯಿಂದ ರಂಗೋಲಿ ಪುಡಿ ಇಳಿಬಿಡುತ್ತಾಳೆ. ಒಂದು ಹೊಸ್ತಿಲು ಮೂಡುತ್ತದೆ, ತುದಿಗೆರಡು ಹೂವು. ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಒಳಗೆ ಯಾರೋ ನಿದ್ದೆ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಡ್ಡೆಯಲ್ಲಿ ಕಸ ಗುಡಿಸುವುದು ಅವಳ ಹಗಲಿನ ಕೂಲಿ. ಕಲ್ಲು ಉಜ್ಜುವಾಗ ಉದುರುವ ಪುಡಿಯನ್ನು ಜರಡಿ ಹಿಡಿದು ಸೆರಗಿನಲ್ಲಿ ಕಟ್ಟಿ ತರುತ್ತಾಳೆ. ಚಿಂಚೋಳಿ ಕಡೆಯ ಅವಳ ಮನೆ ಐದು ವರ್ಷದ ಹಿಂದಿನ ಕೋಮು ಗದ್ದಲದಲ್ಲಿ ಸುಟ್ಟುಹೋಯಿತು. ಈಗಲೂ ಕನಸಿನಲ್ಲಿ ಆ ಅಂಗಳ ಸಾರಿಸುತ್ತಾಳಂತೆ. ಎಚ್ಚರಾದಾಗ ಬೆರಳುಗಳು ಇನ್ನೂ ಆಡುತ್ತಿರುತ್ತವೆ.

"ಮೊದಲೆಲ್ಲಾ ಜನ ನಮ್ಮ ಕೌದಿ ತುಳಕೊಂಡೇ ಗಾಡಿ ಹಿಡಿಲಿಕ್ಕೆ ಓಡತಿದ್ರು. ರಂಗೋಲಿ ತುಳಿಲಿಕ್ಕೆ ಮಾತ್ರ ಯಾರಿಗೂ ಮನಸು ಬರಂಗಿಲ್ಲ ನೋಡ್ರಿ. ಸುತ್ತು ಹಾಕಿ ಹೋಗ್ತಾರ. ಹಂಗ ಹೋಗೋ ಮುಂದ ಒಮ್ಮೆರೆ ನಮ್ಮ ಮಾರಿ ನೋಡ್ಲಿ ಅಂತ ಬರೀತೀನಿ."

ಹಾಗೆ ಮುಖ ನೋಡಿದವರು ಸ್ಟೇಷನ್ ಹಿಂದೆ ಬೀಗ ಬಿದ್ದಿರುವ ಮುಸಾಫಿರಖಾನೆಯ, ಅಂದರೆ ಪ್ರಯಾಣಿಕರ ಹಳೆಯ ಛತ್ರದ, ಪಡಸಾಲೆಯನ್ನು ಮಳೆಗಾಲಕ್ಕಾದರೂ ಬಿಟ್ಟುಕೊಟ್ಟಾರು ಎಂಬುದು ಅವಳ ಆಸೆ. ಬೀಗದ ಕೈ ಊರ ಹಿರಿಯರಾದ ಜವಳಿ ವ್ಯಾಪಾರಿ ಬಸವಂತರಾಯರ ಬಳಿ. ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ನೋಡೋಣು."

ರಸ್ತೆಯಲ್ಲಿ ಅವಳ ಪಕ್ಕದ ಕೌದಿ ಖುರ್ಷಿದಬೇಗಂ ಎಂಬ ಮುದುಕಿಯದಾಗಿತ್ತು. "ಆಕಿ ಮನಿನೂ ಅದೇ ವರ್ಷ ಹೋತ್ರಿ. ನಮ್ಮನಿ ಸುಟ್ಟೋರು ಬ್ಯಾರೆ, ಆಕಿ ಮನಿ ಸುಟ್ಟೋರು ಬ್ಯಾರೆ," ಎನ್ನುತ್ತಾಳೆ ಭೀಮಬಾಯಿ. ಎರಡು ವರ್ಷದ ಹಿಂದೆ ಮೊದಲ ದಿನ ಹೊಸ್ತಿಲು ಬರೆಯುವಾಗ ಮುದುಕಿ ಕೌದಿಯೊಳಗಿಂದಲೇ ತಕರಾರು ತೆಗೆದಳಂತೆ.

"ಏ ಭೀಮಾ, ನನ್ನ ದರವಾಜಾಕ್ಕ ಹೂವು ಬ್ಯಾಡ. ಚಂದ್ರನ್ನ ಬರಿ. ನಿನ್ನ ಹೂವೆಲ್ಲಾ ಸೊಟ್ಟ."

"ಚಂದ್ರ ಸೊಟ್ಟಾದ್ರ ನಡೀತದೇನು?"

"ಅವ ಹುಟ್ಟಾನೇ ಸೊಟ್ಟ, ಬರಿ."

ಈ ಬೇಸಿಗೆಯ ಕೊನೆಗೆ ಒಂದು ಸಂಜೆ ಅಕಾಲ ಮಳೆ ಸುರಿಯಿತು. ತೋಯ್ದ ಮುದುಕಿಗೆ ಜ್ವರ ಹಿಡಿಯಿತು, ಮತ್ತೆ ಏಳಲಿಲ್ಲ. ಮಣ್ಣು ಮಾಡಿದ ಮರುದಿನ ಭೀಮಬಾಯಿ ಎಲ್ಲರ ಹೊಸ್ತಿಲನ್ನೂ ಬರೆದಳು, ಆ ಒಂದು ಜಾಗ ಬಿಟ್ಟು. ವಾಡಿ ಕಡೆಯ ರೈಲುಗಾಡಿಗೆ ಹೊರಟ ಬಸವಂತರಾಯರು ರೂಢಿಯಂತೆ ಅಲ್ಲಿ ಸುತ್ತು ಹಾಕಲು ಹೋಗಿ ತಡೆದು ನಿಂತರು.

"ಇಲ್ಲಿ ದಿನಾ ಚಂದ್ರ ಇರ್ತಿತ್ತಲ್ಲ, ಭೀಮಬಾಯಿ?"

"ಸತ್ತ ಮನಿ ಮುಂದ ರಂಗೋಲಿ ಹಾಕಂಗಿಲ್ಲರಿ, ಸಾವಕಾರ್ರ."

"ಯಾರು ಸತ್ರು?"

"ಮುದುಕಿ ಹೋದ್ಳರಿ."

"ಯಾವ ಮುದುಕಿ?"

ಭೀಮಬಾಯಿ ಸೊಂಟ ನೆಟ್ಟಗೆ ಮಾಡಿದಳು. "ಎರಡು ವರ್ಷ ಚಂದ್ರ ಕಂಡಾನ. ಅವನ ಹಿಂದ ಮಲಗಿದಾಕಿ ಕಾಣಲಿಲ್ಲೇನ್ರಿ?"

ಗಾಡಿ ಕೂಗಿ ಹೊರಟುಹೋಯಿತು. ಬಸವಂತರಾಯರು ಆ ಖಾಲಿ ನೆಲದ ಮುಂದೆ ನಿಂತೇ ಇದ್ದರು. ಆ ವಾರವೇ ಅವರು ಪಡಸಾಲೆಯ ಬೀಗ ತೆಗೆಸಿದರು.

ಈಗ ಹೆಂಗಸರು, ಕೂಸುಗಳು ಅಲ್ಲಿ ಮಲಗುತ್ತಾರೆ. ಜಾಗ ಸಾಲದವರು ರಸ್ತೆಯಲ್ಲೇ ಇದ್ದಾರೆ, ಅವರ ಹೊಸ್ತಿಲು ಬರೆಯಲು ಭೀಮಬಾಯಿಯೂ. ನಿನಗೇನು ಬೇಕು ಎಂದರೆ ಪುಡಿಯಂಟಿದ ಕೈ ನೋಡಿಕೊಳ್ಳುತ್ತಾ ನಾಚುತ್ತಾಳೆ.

"ಒಂದು ಬಾಗಿಲಾ ಬೇಕ್ರಿ. ಒಳಗಿಂದ ಚಿಲಕ ಹಾಕ್ಕೊಂಡು, ಯಾರ ಹೆಜ್ಜಿ ಸಪ್ಪಳಕ್ಕೂ ಕಿವಿ ಕೊಡದಂಗ ಹೊತ್ತೇರೋತನಕ ಮಲಗಬೇಕು. ಹಂಗ ನಿದ್ದಿ ಮಾಡಿ ಭಾಳ ವರ್ಷ ಆತ್ರಿ."