ವೆಣ್ಣಾ ಕೆರೆಯ ದಂಡೆಯಲ್ಲಿ ಉಳಿದ ದಶಮಿ

ಮೊನ್ನೆ ಮಹಾಬಳೇಶ್ವರದ ವೆಣ್ಣಾ ಕೆರೆಯ ದಂಡೆಯಲ್ಲಿ ಯಾರೋ ಊಟದ ಡಬ್ಬಿ ತೆರೆದರು. ಹಾಲು ಹಾಕಿ ನಾದಿದ ದಶಮಿ ರೊಟ್ಟಿಯ ವಾಸನೆ ಬಂತು. ನಾನು ಅಲ್ಲೇ ನಿಂತುಬಿಟ್ಟೆ.

ಚಿಕ್ಕವಳಿದ್ದಾಗ ನಮ್ಮೂರು ಬುಧಗಾಂವದ ಓಣಿಯವರು ಜೀಪು ಮಾಡಿಕೊಂಡು ಇಲ್ಲಿಗೆ ಬಂದಿದ್ದೆವು. ವಾಯಿಯ ಘಟ್ಟ, ಪಂಚಗಣಿಯ ಬಯಲು ನೋಡಿ ಕೆರೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಎಲ್ಲರೂ ದೋಣಿಯತ್ತ ಓಡಿದರು. ಗುಂಪಿನಲ್ಲಿ ಜೈನರೆಂದರೆ ಅಜ್ಜಿ ಮತ್ತು ನಾನು ಇಬ್ಬರೇ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ.

"ಹೊತ್ತು ಮುಳುಗೂದ್ರಾಗ ಉಣ್ಣವ್ವಾ," ಎಂದು ಅಜ್ಜಿ ನನ್ನನ್ನು ಕೂರಿಸಿದಳು.

"ಒಂದಿನ ಬಿಟ್ರ ಏನಾಗತೈತ್ರಿ ಅಜ್ಜಿ?"

ಅವಳು ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ದಶಮಿಯ ಜೊತೆ ಮುಂದಿಟ್ಟಳು. ನಾನು ಉಂಡ ಮೇಲೆಯೇ ಅವಳು ಉಣ್ಣುವುದು ರೂಢಿ. ನಾನು ಅವಳಿಗೆ ಬೆನ್ನು ಮಾಡಿ, ಸಿಟ್ಟಿನಲ್ಲಿ ಚೂರುಚೂರೇ ತಿಂದೆ. ಕೊನೆಯ ತುತ್ತು ನುಂಗುವಾಗ ಸೂರ್ಯ ಇರಲಿಲ್ಲ. ಅಜ್ಜಿ ತನ್ನ ಪಾಲಿನ ದಶಮಿ ಹಾಗೇ ಇಟ್ಟು ಡಬ್ಬಿ ಮುಚ್ಚಿದಳು.

ದೋಣಿ ಇಳಿದು ಬಂದ ಪಕ್ಕದ ಮನೆಯ ಮಾವಶಿ ಕೇಳಿದರು: "ಊಟ ಆತೇನ್ರಿ?"

"ಆತವ್ವಾ, ಆತು," ಎಂದಳು ಅಜ್ಜಿ. ನಾನು ಮುಚ್ಚಿದ ಡಬ್ಬಿಯನ್ನು ಚೀಲದೊಳಗೆ ತುರುಕಿದೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಮೊನ್ನೆ ಒಬ್ಬಳೇ ದೋಣಿ ಹತ್ತಿದೆ. ಕೆರೆಯ ನಡುವೆ ಹೊತ್ತು ಮುಳುಗಿತು. ನಾನು ಇನ್ನೂ ಉಂಡಿರಲಿಲ್ಲ. ಊಟ ಆತೇನು ಎಂದು ಕೇಳುವವರು ದಂಡೆಯಲ್ಲಿ ಯಾರೂ ಇರಲಿಲ್ಲ.