ಬಣ್ಣ ಹೋದ ನೀರು

ಬಣ್ಣದ ಕಾರ್ಖಾನೆಯ ಕೊಳೆನೀರಿನ ತೊಟ್ಟಿಗಳ ನಡುವೆ ಎಲ್ಲರೂ ಸೀಸೆ ಮೇಷ್ಟ್ರು ಎನ್ನುತ್ತಿದ್ದ ನೀರಿನ ಪರೀಕ್ಷಕರು ನಿದ್ದೆಯಲ್ಲಿ ನಡೆಯುವವರ ಹಾಗೆ ಓಡಾಡುತ್ತಿದ್ದರು. ಗಂಟೆಗೊಮ್ಮೆ ಒಂದು ಸೀಸೆ ನೀರು ಮೊಗೆದು, ಬೆಳಕಿಗೆ ಹಿಡಿದು, ಕೂಸಿನ ಹಣೆ ಮುಟ್ಟಿದ ಹಾಗೆ ಸವರಿ, ಪರೀಕ್ಷೆಯ ಕೋಣೆಗೆ ಒಯ್ಯುವರು. ಬೆಳಿಗ್ಗೆ ನೇರಳೆಯಾಗಿದ್ದ ನೀರು ಮಧ್ಯಾಹ್ನಕ್ಕೆ ಗುಲಾಬಿ, ಸಂಜೆಗೆ ಗಾಜಿನಷ್ಟು ತಿಳಿ. ಒಳಗೆ ವಿಷ ಚೂರಾಗುವ ಸದ್ದು ಅವರಿಗೆ ಕೇಳಿಸುತ್ತದೆಂದು ಕೆಲಸದವರು ನಗುತ್ತಿದ್ದರು. ನೆಂಟರ ಮನೆಯಲ್ಲೂ ಲೋಟವನ್ನು ಕಿಟಕಿಯತ್ತ ಎತ್ತಿ ನೋಡಿಯೇ ಕುಡಿಯುವರು. "ತಿಳಿಯಾಯ್ತಲ್ಲ ಮೇಷ್ಟ್ರೇ, ಬಿಟ್ಬಿಡೋಣ," ಎಂದು ಮ್ಯಾನೇಜರು ಅವಸರಪಡಿಸಿದರೆ, "ಬಣ್ಣ ಹೋಗಿದೆ, ವಿಷ ಹೋಗಿಲ್ಲ. ಇನ್ನೊಂದ್ ಗಂಟೆ," ಎನ್ನುವರು. ಹೊಳೆಗೆ ಹೋಗುವ ಹೊರಗಾಲುವೆಯ ಗೇಟು ತಿರುಗಿಸುವ ಅವರ ಗೆಳೆಯ ಇದನ್ನು ಇಪ್ಪತ್ತು ವರ್ಷ ಕೇಳಿ ಬೇಸತ್ತಿದ್ದ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮೇಜಿನ ಖಾನೆಯಲ್ಲಿ ಅವನಿಗೊಂದು ಹಳೆಯ ಸೀಸೆ ಸಿಕ್ಕಿತು. ಒಳಗೆ ಕನಸಿನಷ್ಟು ತಿಳಿಯಾದ ನೀರು. ಮೇಲಿನ ಚೀಟಿಯಲ್ಲಿ ಅವರದೇ ಅಕ್ಷರ: 'ಕಣ್ಣು ನಂಬಿ ನಾನು ಬಿಟ್ಟ ನೀರು. ಕೆಳಗೆ ಹೊಳೆಯ ಮೀನೆಲ್ಲ ಸತ್ತವು.' ಇಂದು ತೊಟ್ಟಿ ಮತ್ತೆ ಗಾಜಾಗಿದೆ. "ಕಣ್ಣು ಕಾಣಿಸಲ್ವೇನಯ್ಯಾ? ತಿರುಗಿಸು," ಎಂದರು ಮ್ಯಾನೇಜರು. ಗೆಳೆಯ ಗೇಟಿನ ಚಕ್ರದಿಂದ ಕೈ ತೆಗೆದ. ಒಂದು ಸೀಸೆ ನೀರು ಮೊಗೆದು, ಬೆಳಕಿಗೆ ಹಿಡಿದು, ಮೆಲ್ಲಗೆ ಸವರಿ, "ಪರೀಕ್ಷೆ ಆಗ್ಲಿ ಸಾರ್. ಇನ್ನೊಂದ್ ಗಂಟೆ," ಎಂದ.